ಮೇಷ್ಟ್ರಿಲ್ಲದ ಶನಿವಾರ: ನಿರೂಪಕರ ನಂತರ ಬಾನುಲಿ ಕಾರ್ಯಕ್ರಮದ ಗತಿ

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರವೊಂದರಲ್ಲಿರುವ ಸಣ್ಣ ಸಮುದಾಯ ರೇಡಿಯೋ. ನಿವೃತ್ತ ಶಾಲಾ ಶಿಕ್ಷಕರೊಬ್ಬರು ಹನ್ನೆರಡು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ಒಂದು ಗಂಟೆಯ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಕೇಳುಗರು ಫೋನ್ ಮಾಡಿ ಬೆಳೆ, ದನಕರು, ಸರ್ಕಾರಿ ಅರ್ಜಿ, ಮಕ್ಕಳ ಓದು, ಹೀಗೆ ಏನನ್ನಾದರೂ ಕೇಳುತ್ತಿದ್ದರು. ಮೇಷ್ಟ್ರು ತಮಗೆ ತಿಳಿದದ್ದನ್ನು ಹೇಳಿ, ತಿಳಿಯದ್ದನ್ನು ತಿಳಿದವರಿಂದ ಹೇಳಿಸುತ್ತಿದ್ದರು. ಕೊನೆಯ ಹತ್ತು ನಿಮಿಷ ಅವರದೇ ಮಾತು. ಹೋದ ತಿಂಗಳು ಅವರು ತೀರಿಕೊಂಡರು. ಕಾರ್ಯಕ್ರಮ ನಿಲ್ಲಿಸೋಣ ಎಂದು ಕೆಲವರು, ಹಳೆಯ ಕಂತುಗಳನ್ನೇ ಹಾಕೋಣ ಎಂದು ಕೆಲವರು, ಅವರ ಮಗಳನ್ನು ಕೂರಿಸೋಣ ಎಂದು ಮತ್ತೆ ಕೆಲವರು ಹೇಳುತ್ತಿದ್ದಾರೆ. ನಮ್ಮ ತಂಡದ ಹುಡುಗನೊಬ್ಬ ಕೃತಕ ಬುದ್ಧಿಮತ್ತೆಯಿಂದ ಅವರ ಧ್ವನಿಯನ್ನೇ ಮರುಸೃಷ್ಟಿಸಬಹುದು ಎನ್ನುತ್ತಿದ್ದಾನೆ. ನಾವು ಏನು ಮಾಡುವುದು ಸರಿ?

ಉತ್ತರ: ನಿಮ್ಮ ಮೇಷ್ಟ್ರ ಧ್ವನಿಯನ್ನು ನಾನು ಕೇಳಿದವನಲ್ಲ. ಆದರೂ ತಮಗೆ ತಿಳಿಯದ್ದನ್ನು ತಿಳಿದವರಿಂದ ಹೇಳಿಸುತ್ತಿದ್ದರು ಎಂಬ ನಿಮ್ಮ ಒಂದು ಮಾತಿನಿಂದಲೇ ಅವರು ಎಂಥ ನಿರೂಪಕರಾಗಿದ್ದರು ಎಂಬುದು ಗೊತ್ತಾಗುತ್ತದೆ. ಮೈಕಿನ ಮುಂದೆ ಕುಳಿತವರಿಗೆ ಅಷ್ಟು ಸುಲಭವಾಗಿ ಬರುವ ಗುಣ ಅದಲ್ಲ.

ನಿಮ್ಮಲ್ಲಿ ಚರ್ಚೆಯಾಗುತ್ತಿರುವ ನಾಲ್ಕು ದಾರಿಗಳಲ್ಲಿ ಒಂದನ್ನು ಆರಿಸುವ ಮುನ್ನ ಬೇರೊಂದು ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು. ಶನಿವಾರ ಸಂಜೆ ಜನ ರೇಡಿಯೋ ಹಾಕುತ್ತಿದ್ದದ್ದು ಮೇಷ್ಟ್ರು ಏನು ಹೇಳುತ್ತಾರೆಂದು ಕೇಳಲಿಕ್ಕೋ, ಅಥವಾ ತಮ್ಮಂಥವರೇ ಯಾರೋ ಏನು ಕೇಳುತ್ತಾರೆ, ಅದಕ್ಕೆ ಏನು ಉತ್ತರ ಸಿಗುತ್ತದೆ ಎಂದು ತಿಳಿಯಲಿಕ್ಕೋ? ಎರಡೂ ಎಂದು ನೀವು ಹೇಳುವಿರಿ. ಅದು ನಿಜವೂ ಹೌದು. ಆದರೆ ಯಾವುದು ಎಷ್ಟು ಪಾಲು ಎಂಬುದರ ಮೇಲೆ ಕಾರ್ಯಕ್ರಮದ ಆಯುಷ್ಯ ನಿಂತಿದೆ. ಬಾನುಲಿಯ ಚರಿತ್ರೆಯಲ್ಲಿ ನಿರೂಪಕರು ತೀರಿಕೊಂಡ ನಂತರ ಉಳಿದ ಕಾರ್ಯಕ್ರಮಗಳನ್ನೂ ಉಳಿಯದೆ ಹೋದವುಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಒಂದು ತುದಿಯಲ್ಲಿ ಅಲಿಸ್ಟೇರ್ ಕುಕ್ ಅವರ 'ಲೆಟರ್ ಫ್ರಮ್ ಅಮೆರಿಕಾ' ಇದೆ. ಬ್ರಿಟನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅವರು 1946ರಿಂದ 2004ರವರೆಗೆ ಬಿಬಿಸಿಗಾಗಿ ಪ್ರತಿ ವಾರ ಅಮೆರಿಕದ ವಿದ್ಯಮಾನವೊಂದನ್ನು ಕುರಿತು ಸುಮಾರು ಕಾಲು ಗಂಟೆ ಮಾತನಾಡುತ್ತಿದ್ದರು. ಒಟ್ಟು 2,869 ಕಂತುಗಳು. ಅತಿಥಿಯಿಲ್ಲ, ಹಾಡಿಲ್ಲ, ಫೋನ್ ಕರೆಯಿಲ್ಲ. ಒಬ್ಬ ಮನುಷ್ಯ, ಅವನ ನೆನಪು, ಅವನ ವಾಕ್ಯ. 2004ರ ಮಾರ್ಚ್ ಆರಂಭದಲ್ಲಿ, 95ರ ವಯಸ್ಸಿನಲ್ಲಿ, ಅನಾರೋಗ್ಯದ ಕಾರಣ ನಿವೃತ್ತಿ ಘೋಷಿಸಿದರು. ಅದೇ ತಿಂಗಳು 30ರಂದು ತೀರಿಕೊಂಡರು. ಆ ಹೆಸರಿನಲ್ಲಿ ಇನ್ನೊಬ್ಬರನ್ನು ಬಿಬಿಸಿ ಕೂರಿಸಲಿಲ್ಲ. ಕೂರಿಸಿದ್ದರೆ ಅದು ಬೇರೆಯವರ ಕಾಗದಕ್ಕೆ ಕುಕ್ ಅವರ ಸಹಿ ಹಾಕಿದಂತೆ ಆಗುತ್ತಿತ್ತು.

ಇನ್ನೊಂದು ತುದಿಯಲ್ಲಿ ಬಿಬಿಸಿ ರೇಡಿಯೋದ 'ಜಸ್ಟ್ ಎ ಮಿನಿಟ್' ಇದೆ. ಕೊಟ್ಟ ವಿಷಯದ ಮೇಲೆ ತಡವರಿಸದೆ, ಹೇಳಿದ್ದನ್ನೇ ಮತ್ತೆ ಹೇಳದೆ, ವಿಷಯ ಬಿಟ್ಟು ಆಚೀಚೆ ಹೋಗದೆ ಒಂದು ನಿಮಿಷ ಮಾತನಾಡುವ ಆಟ ಅದು. 1967ರ ಡಿಸೆಂಬರ್‌ನ ಮೊದಲ ಕಂತಿನಿಂದ ನಿಕೊಲಾಸ್ ಪಾರ್ಸನ್ಸ್ ಅದರ ಅಧ್ಯಕ್ಷರಾಗಿದ್ದರು. 2020ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಆ ಕುರ್ಚಿ ಅವರದೇ. ಅರ್ಧ ಶತಮಾನಕ್ಕೂ ಮೀರಿ ಹೆಚ್ಚುಕಡಿಮೆ ಒಬ್ಬರೇ ಕುಳಿತ ಕುರ್ಚಿಯಾದರೂ ಕಾರ್ಯಕ್ರಮ ನಿಲ್ಲಲಿಲ್ಲ. ಕೆಲವು ಕಾಲ ಹಲವರು ಸರದಿಯ ಮೇಲೆ ಕುಳಿತರು, 2021ರಲ್ಲಿ ಸೂ ಪರ್ಕಿನ್ಸ್ ಕಾಯಂ ಆದರು. ಅಲ್ಲಿ ಕೇಳುಗರನ್ನು ಹಿಡಿದಿಟ್ಟದ್ದು ಆಟದ ನಿಯಮ. ನಿಯಮವನ್ನು ಕಾಯುವವರು ಬದಲಾದರೂ ನಿಯಮ ಬದಲಾಗಲಿಲ್ಲ.

ಇವೆರಡರ ನಡುವೆ ಇರುವ ಪ್ರಸಂಗವೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಕಷ್ಟಕ್ಕೆ ಅದು ಎಲ್ಲಕ್ಕಿಂತ ಹತ್ತಿರ. ಬಿಬಿಸಿ ರೇಡಿಯೋ 4ರಲ್ಲಿ 1972ರಿಂದ ಬರುತ್ತಿರುವ 'ಐಯಾಮ್ ಸಾರಿ ಐ ಹ್ಯಾವೆಂಟ್ ಎ ಕ್ಲೂ' ಎಂಬ ಹಾಸ್ಯ ಕಾರ್ಯಕ್ರಮದ ಅಧ್ಯಕ್ಷರಾಗಿದ್ದವರು ಹಂಫ್ರಿ ಲಿಟಲ್ಟನ್. ವೃತ್ತಿಯಿಂದ ಅವರು ಜಾಝ್ ಟ್ರಂಪೆಟ್ ವಾದಕರು. ಸುತ್ತಲೂ ಹಾಸ್ಯಗಾರರು ಕುಣಿದು ಕುಪ್ಪಳಿಸುತ್ತಿದ್ದರೆ ಇವರು ಮಾತ್ರ ಯಾರೋ ಬಲವಂತವಾಗಿ ಎಳೆತಂದು ಕೂರಿಸಿದ್ದಾರೆ ಎಂಬಂತೆ, ಬೇಸತ್ತ ದನಿಯಲ್ಲಿ ಚೀಟಿ ಓದುತ್ತಿದ್ದರು. ನಗು ಹುಟ್ಟುತ್ತಿದ್ದದ್ದು ಆ ಬೇಸರದಿಂದಲೇ. 2008ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಅವರಿಲ್ಲದೆ ಈ ಕಾರ್ಯಕ್ರಮವಿಲ್ಲ ಎಂದವರೇ ಹೆಚ್ಚು. ತಯಾರಕರು ಅವಸರ ಪಡಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು, 2009ರ ಬೇಸಿಗೆಯಲ್ಲಿ ಆರು ಕಂತುಗಳ ಸರಣಿಯೊಂದನ್ನು ಮಾಡಿದರು. ಸ್ಟೀಫನ್ ಫ್ರೈ, ಜ್ಯಾಕ್ ಡೀ, ರಾಬ್ ಬ್ರೈಡನ್ ಮೂವರಿಗೂ ಎರಡೆರಡು ಕಂತು. ಆಮೇಲೆ ಉಳಿದವರು ಜ್ಯಾಕ್ ಡೀ. ಅವರು ಮೊದಲಿನಿಂದಲೂ ಗಂಟುಮೋರೆಗೆ ಹೆಸರಾದ ರಂಗಹಾಸ್ಯಗಾರ. ಅವರ ಬೇಸರ ಲಿಟಲ್ಟನ್ ಅವರಿಂದ ಕಡ ತಂದದ್ದಲ್ಲ, ಸ್ವಂತದ್ದು. ಕಾರ್ಯಕ್ರಮಕ್ಕೆ ಬೇಕಾಗಿದ್ದ ಗುಣ ಅದೇ, ಆದರೆ ಅದನ್ನು ಹೊತ್ತುತಂದ ವ್ಯಕ್ತಿ ಪೂರ್ತಿ ಬೇರೆ. ಜೊತೆಗೆ ಹಳೆಯ ಆಟಗಾರರು, ಪಿಯಾನೋ, ಅರ್ಥವಿಲ್ಲದ ಆಟಗಳು ಎಲ್ಲವೂ ಇದ್ದಲ್ಲೇ ಇದ್ದವು. ಹೊಸಬರು ಬಂದದ್ದು ಹಳೆಯ ಮನೆಗೆ; ಹೊಸಬರಿಗೆಂದು ಮನೆಯನ್ನೇ ಕೆಡವಲಿಲ್ಲ.

ಈ ಪ್ರಸಂಗದಲ್ಲಿ ನಾನು ಮೆಚ್ಚುವ ಸಂಗತಿ ಆ ಕಾಯುವಿಕೆ. ಸಾವಿನ ಮರುವಾರವೇ ಹೊಸಬರನ್ನು ಕೂರಿಸಿದರೆ ಕೇಳುಗರ ದುಃಖವೆಲ್ಲ ಅವರ ಮೇಲೆ ಸಿಟ್ಟಾಗಿ ತಿರುಗುತ್ತದೆ. ಕಾದರೂ ಮೊದಲ ಉತ್ತರಾಧಿಕಾರಿಗೆ ಹೋಲಿಕೆಯ ಬಿಸಿ ತಟ್ಟದೆ ಇರುವುದಿಲ್ಲ. ಅತಿಥಿಗಳು ತಮ್ಮ ಮೆಚ್ಚಿನ ಧ್ವನಿಮುದ್ರಿಕೆಗಳನ್ನು ಆರಿಸಿ ಮಾತನಾಡುವ ಬಿಬಿಸಿಯ 'ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್' ಕಾರ್ಯಕ್ರಮವನ್ನು 1942ರಲ್ಲಿ ತಾವೇ ಕಲ್ಪಿಸಿ, 1985ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದವರು ರಾಯ್ ಪ್ಲಮ್ಲಿ. ಅವರ ನಂತರ ಬಂದ ಮೈಕೆಲ್ ಪಾರ್ಕಿನ್ಸನ್ ಟಿವಿ ಸಂದರ್ಶನಗಳಿಂದ ಮನೆಮಾತಾಗಿದ್ದವರು. ಆದರೂ 1988ರ ಹೊತ್ತಿಗೆ ಬಿಟ್ಟುಹೋದರು. ಅವರ ನಂತರದ ಸೂ ಲಾಲಿ 2006ರವರೆಗೆ, ಅಂದರೆ ಹದಿನೆಂಟು ವರ್ಷ, ನಡೆಸಿದರು. ಸಾಮರ್ಥ್ಯದ ವ್ಯತ್ಯಾಸಕ್ಕಿಂತ ಸರದಿಯ ವ್ಯತ್ಯಾಸವೇ ಇಲ್ಲಿ ದೊಡ್ಡದು ಎಂದು ನನ್ನ ಅನಿಸಿಕೆ. ಆದ್ದರಿಂದ ನೀವು ಮೊದಲು ಕೂರಿಸುವವರಿಗೆ ಇದು ಕಾಯಂ ಎಂಬ ಭಾರ ಹೊರಿಸಬೇಡಿ. ಮೂರು ತಿಂಗಳಿಗೆಂದು ಮಾತಾಡಿಕೊಂಡು ಕೂರಿಸಿ. ಹಂಚಿಕೊಂಡು ನಡೆಸಿದರೆ ಯಾರೊಬ್ಬರಿಗೂ ಪೂರ್ತಿ ಏಟು ಬೀಳುವುದಿಲ್ಲ.

ಸರದಿಯ ವಿಧಾನ ಎಲ್ಲೆಡೆ ಫಲಿಸುತ್ತದೆ ಎಂದೂ ತಿಳಿಯಬೇಡಿ. ಬಿಬಿಸಿಯ ನಿರೂಪಕ ಜಾನ್ ಪೀಲ್ 2004ರ ಅಕ್ಟೋಬರ್‌ನಲ್ಲಿ ಪೆರು ದೇಶದ ಪ್ರವಾಸದಲ್ಲಿದ್ದಾಗ ಹಠಾತ್ತನೆ ತೀರಿಕೊಂಡರು. ಅವರು ಶನಿವಾರ ಬೆಳಗ್ಗೆ ನಡೆಸುತ್ತಿದ್ದ 'ಹೋಮ್ ಟ್ರೂತ್ಸ್' ಎಂಬ ಮನೆವಾರ್ತೆಯ ಕಾರ್ಯಕ್ರಮವನ್ನು ಬೇರೆ ಬೇರೆಯವರು ಮುಂದುವರಿಸಿದರು. ಸಾಮಾನ್ಯ ಜನ ತಮ್ಮ ಮನೆಯ ವಿಚಿತ್ರಗಳನ್ನು ಹೇಳಿಕೊಳ್ಳುವ ಕಾರ್ಯಕ್ರಮ ಅದು. ಕೇಳುಗರ ಪಾಲು ದೊಡ್ಡದೇ ಇತ್ತು. ಆದರೂ 2006ರಲ್ಲಿ ಅದು ನಿಂತಿತು. ಜನ ತಮ್ಮ ಮನೆಯ ಕಥೆ ಹೇಳಿಕೊಂಡದ್ದು ಪೀಲ್ ಎಂಬ ಮನುಷ್ಯನಿಗೆ, ಬಿಬಿಸಿ ಎಂಬ ಸಂಸ್ಥೆಗಲ್ಲ. ನಿಮ್ಮಲ್ಲೂ ಇಂಥ ಕರೆಗಳು ಇದ್ದೇ ಇರುತ್ತವೆ: ಬೆಳೆಯ ಪ್ರಶ್ನೆಯ ನೆಪದಲ್ಲಿ ಫೋನ್ ಮಾಡಿ ಮಗ ಮಾತು ಬಿಟ್ಟಿದ್ದನ್ನು ಹೇಳಿಕೊಳ್ಳುವ ತಾಯಿ, ಪ್ರಶ್ನೆಯೇ ಇಲ್ಲದೆ ಸುಮ್ಮನೆ ಕರೆ ಮಾಡುವ ಅಜ್ಜ. ಆ ಕರೆಗಳು ಹೊಸಬರಿಗೆ ಬರುತ್ತವೆಯೋ ಇಲ್ಲವೋ ಎಂಬುದನ್ನು ಮೊದಲ ಮೂರು ತಿಂಗಳು ಲೆಕ್ಕ ಇಟ್ಟು ನೋಡಿ. ಕರೆಗಳ ಸಂಖ್ಯೆಗಿಂತ ಇದೇ ನಿಜವಾದ ಅಳತೆ.

ನಿಮ್ಮ ಕಾರ್ಯಕ್ರಮದಲ್ಲಿ ಐವತ್ತು ನಿಮಿಷದ ಪ್ರಶ್ನೋತ್ತರವೂ ಹತ್ತು ನಿಮಿಷದ ಮಾತೂ ಬೇರೆ ಬೇರೆ ಜಾತಿಯವು. ಪ್ರಶ್ನೋತ್ತರ ಊರಿನದು, ಅದು ಮುಂದುವರಿಯಬೇಕು. ಕೊನೆಯ ಮಾತು ಮೇಷ್ಟ್ರದು, ಅದು ಅವರೊಂದಿಗೆ ಮುಗಿಯಬೇಕು. ಆ ಹತ್ತು ನಿಮಿಷಕ್ಕೆ ಇನ್ನೊಬ್ಬರನ್ನು ತಂದು ಅದೇ ಹೆಸರಿನಲ್ಲಿ ಮಾತನಾಡಿಸಬೇಡಿ. ಆಕಾಶವಾಣಿಯ ಬೆಳಗಿನ 'ಚಿಂತನ'ಕ್ಕೆ ಬೇರೆ ಬೇರೆಯವರು ಬಂದು ಮಾತನಾಡುವಂತೆ, ಕುರ್ಚಿ ಯಾರೊಬ್ಬರದೂ ಆಗದ ವ್ಯವಸ್ಥೆ ಮಾಡಿಕೊಳ್ಳಬಹುದು. ಇಲ್ಲವೇ ಆ ಸಮಯವನ್ನು ಹಾಡಿಗೆ ಬಿಟ್ಟುಕೊಡಬಹುದು.

ಇನ್ನು ಹಳೆಯ ಕಂತುಗಳ ಮರುಪ್ರಸಾರದ ವಿಚಾರ. ಇದರಲ್ಲಿ ಎಲ್ಲರೂ ಉದಾಹರಿಸುವುದು ಅಮೆರಿಕದ 'ಕಾರ್ ಟಾಕ್' ಅನ್ನು. ಟಾಮ್ ಮತ್ತು ರೇ ಮ್ಯಾಗ್ಲಿಯೋಝಿ ಎಂಬ ಅಣ್ಣತಮ್ಮಂದಿರು ಎಂಐಟಿಯಲ್ಲಿ ಓದಿಯೂ ಗ್ಯಾರೇಜು ನಡೆಸಿದವರು. 1977ರಲ್ಲಿ ಬಾಸ್ಟನ್ನಿನ ಡಬ್ಲ್ಯುಬಿಯುಆರ್ ನಿಲಯದಲ್ಲಿ ಆರಂಭವಾದ ಅವರ ಕಾರ್ಯಕ್ರಮ 1987ರಿಂದ ಅಲ್ಲಿನ ಸಾರ್ವಜನಿಕ ರೇಡಿಯೋ ಜಾಲವಾದ ಎನ್‌ಪಿಆರ್ ಮೂಲಕ ದೇಶಕ್ಕೆಲ್ಲ ಹರಡಿತು. ಕೇಳುಗರು ಫೋನ್ ಮಾಡಿ ತಮ್ಮ ಕಾರಿನಿಂದ ಬರುವ ಶಬ್ದವನ್ನು ಬಾಯಿಂದಲೇ ಮಾಡಿ ತೋರಿಸಬೇಕು. ಅದನ್ನು ಕೇಳಿ ಅಣ್ಣ ಟಾಮ್ ಉಸಿರುಗಟ್ಟುವಂತೆ ನಗಬೇಕು. ಆ ನಗುವಿನ ನಡುವೆ ತಮ್ಮ ರೇ ರೋಗ ಪತ್ತೆ ಹಚ್ಚಬೇಕು. ಕೊನೆಗೆ, ನಿಮ್ಮ ಇನ್ನೊಂದು ಗಂಟೆಯನ್ನು ಹಾಳುಮಾಡಿಕೊಂಡಿರಿ ಎಂದು ಕೇಳುಗರಿಗೆ ಹೇಳಿ ಮುಗಿಸುತ್ತಿದ್ದರು. 2012ರ ಅಕ್ಟೋಬರ್‌ನಲ್ಲಿ ಹೊಸ ಕಂತುಗಳನ್ನು ನಿಲ್ಲಿಸಿದರು. 2014ರ ನವೆಂಬರ್ 3ರಂದು ಟಾಮ್ ಆಲ್ಝೈಮರ್ ಕಾಯಿಲೆಯ ತೊಡಕುಗಳಿಂದ ತೀರಿಕೊಂಡರು. ಆದರೂ ಹಳೆಯ ಕರೆಗಳನ್ನು ಹೊಸದಾಗಿ ಜೋಡಿಸಿದ ಕಂತುಗಳನ್ನು ಎನ್‌ಪಿಆರ್ 2017ರವರೆಗೂ ನಿಲಯಗಳಿಗೆ ಹಂಚಿತು, ಪಾಡ್‌ಕಾಸ್ಟ್ ಆಗಿ ಅವು ಆಮೇಲೂ ಉಳಿದವು.

ಇದನ್ನು ಕೇಳಿ ನಿಮ್ಮಲ್ಲಿ ಮರುಪ್ರಸಾರದ ಪರವಾಗಿರುವವರು ಹಿಗ್ಗಬಹುದು. ಆದರೆ ಎರಡು ವ್ಯತ್ಯಾಸಗಳನ್ನು ಗಮನಿಸಿ. ಅಲ್ಲಿ ಸಾವಿರಕ್ಕೂ ಹೆಚ್ಚು ಕಂತುಗಳ ಭಂಡಾರವಿತ್ತು, ಅದನ್ನು ಬಿಡಿಸಿ ಮತ್ತೆ ಕಟ್ಟುವ ಸಂಬಳದ ತಂಡವೂ ಇತ್ತು. ಎರಡನೆಯದು ಇದಕ್ಕಿಂತ ಮುಖ್ಯ: ಕಾರು ಇಲ್ಲದವರೂ ಆ ಕಾರ್ಯಕ್ರಮ ಕೇಳುತ್ತಿದ್ದರು, ಏಕೆಂದರೆ ಅಲ್ಲಿ ಮುಪ್ಪಾಗದ ಸರಕು ನಗು, ಉತ್ತರ ಹಳತಾದರೆ ಯಾರಿಗೂ ನಷ್ಟವಿರಲಿಲ್ಲ. ನಿಮ್ಮ ಕಾರ್ಯಕ್ರಮದಲ್ಲಿ ಉತ್ತರವನ್ನು ನಂಬಿ ಜನ ಮರುದಿನ ಹೊಲಕ್ಕೆ ಹೋಗುತ್ತಾರೆ. 2016ರ ಕಂತೊಂದರಲ್ಲಿ ಮೇಷ್ಟ್ರು ಕರೆಸಿದ ತಜ್ಞರು ಶುಂಠಿಗೋ ಕಬ್ಬಿಗೋ ಫೋರೇಟ್ ಹರಳು ಹಾಕಲು ಹೇಳಿದ್ದರೆ ಅಂದಿಗೆ ಅದರಲ್ಲಿ ಅಚ್ಚರಿಯೇನಿಲ್ಲ. ಆದರೆ ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಆ ಕೀಟನಾಶಕಕ್ಕೆ ನಿಷೇಧವಿದೆ. ಇಂದು ಆ ಕಂತನ್ನು ಹಾಗೆಯೇ ಹಾಕಿದರೆ, ತೀರಿಹೋದ ಮನುಷ್ಯರ ಹೆಸರಿನಲ್ಲಿ ತಪ್ಪು ಸಲಹೆ ಕೊಟ್ಟವರು ನೀವಾಗುತ್ತೀರಿ, ಅವರಲ್ಲ. ಅರ್ಜಿಯ ಕೊನೆಯ ದಿನಾಂಕ, ಅಧಿಕಾರಿಯ ಫೋನ್ ಸಂಖ್ಯೆ, ಸಬ್ಸಿಡಿಯ ಮೊತ್ತ, ಇವೂ ಇಂಥವೇ. ಪ್ರಶ್ನೋತ್ತರದ ಭಾಗವನ್ನು ಮರುಪ್ರಸಾರ ಮಾಡಲೇಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಕೊನೆಯ ಹತ್ತು ನಿಮಿಷದ ಮಾತುಗಳನ್ನು ಆಯ್ದು, ಮೊದಲು ಪ್ರಸಾರವಾದ ದಿನಾಂಕ ಹೇಳಿ, ಒಂದು ತಿಂಗಳು ಹಾಕಬಹುದು. ಅದಕ್ಕಿಂತ ಮುಂದಕ್ಕೆ ಎಳೆದರೆ ಆ ವೇಳೆಯೇ ಸ್ಮಾರಕವಾಗಿಬಿಡುತ್ತದೆ, ಹೊಸಬರಿಗೆ ಜಾಗ ಸಿಗುವುದಿಲ್ಲ. ಅಮೆರಿಕದ ರೇಡಿಯೋ ನಿರೂಪಕ ರಶ್ ಲಿಂಬಾ 2021ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರ ಹಳೆಯ ಮಾತಿನ ತುಣುಕುಗಳನ್ನು ಅತಿಥಿ ನಿರೂಪಕರ ಮೂಲಕ ನಾಲ್ಕು ತಿಂಗಳು ಓಡಿಸಿ, ಜೂನ್‌ನಲ್ಲಿ ಇಬ್ಬರು ಹೊಸಬರಿಗೆ, ಆ ಹೊಸಬರದೇ ಹೆಸರಿನಲ್ಲಿ, ಆ ವೇಳೆಯನ್ನು ಒಪ್ಪಿಸಿದರು. ಜಾಹೀರಾತಿನ ಹಣ ದೊಡ್ಡದಾಗಿದ್ದ ಕಡೆಯೇ ನಾಲ್ಕು ತಿಂಗಳಿಗೆ ಮುಗಿಸಿದರು ಎಂಬುದನ್ನು ನೆನಪಿಡಿ.

ಧ್ವನಿ ಮಾತ್ರ ಉಳಿಯುವುದೂ ಒಂದು ಬಗೆಯಲ್ಲಿ ಸರಿಯಾಗುತ್ತದೆ, ಅದನ್ನೂ ಹೇಳಬೇಕು. ನಿರೂಪಕಿ ಅಪರ್ಣಾ 2024ರ ಜುಲೈ 11ರಂದು ತೀರಿಕೊಂಡ ನಂತರವೂ ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಕನ್ನಡದಲ್ಲಿ ಹೇಳುತ್ತಿದ್ದದ್ದು ಅವರದೇ ದನಿ. ಯಾರಿಗೂ ಅದು ಅಸಹಜ ಎನಿಸಲಿಲ್ಲ. ನಿಂತು ಕೇಳಿಸಿಕೊಂಡವರೇ ಹೆಚ್ಚು. ಏಕೆಂದರೆ ಅದು ಅವರು ತಾವಾಗಿ ಉಚ್ಚರಿಸಿದ್ದು, ಅದೇ ಕೆಲಸಕ್ಕೆಂದು ಕೊಟ್ಟದ್ದು, ಮತ್ತು ಇಂದಿಗೂ ನಿಜವಾದದ್ದು. ನಿಲ್ದಾಣ ಇದ್ದಲ್ಲೇ ಇದೆ. ಹಳೆಯ ಧ್ವನಿಮುದ್ರಣ ಬಳಸುವಾಗಲೆಲ್ಲ ಈ ಮೂರನ್ನೂ ಒರೆಗೆ ಹಚ್ಚಿ ನೋಡಬಹುದು.

ಕೃತಕ ಬುದ್ಧಿಮತ್ತೆಯ ಧ್ವನಿ ಈ ಒರೆಯಲ್ಲಿ ಮೊದಲ ಹೆಜ್ಜೆಗೇ ಸೋಲುತ್ತದೆ: ಅದು ಮೇಷ್ಟ್ರು ಹೇಳಿದ್ದಲ್ಲ. ಪೋಲೆಂಡಿನ 'ಆಫ್ ರೇಡಿಯೋ ಕ್ರಾಕೋ' ಎಂಬ ನಿಲಯ 2024ರ ಅಕ್ಟೋಬರ್‌ನಲ್ಲಿ ಕೃತಕ ನಿರೂಪಕರನ್ನು ತಂದು, 2012ರಲ್ಲೇ ತೀರಿಕೊಂಡಿದ್ದ ನೊಬೆಲ್ ಪುರಸ್ಕೃತ ಕವಯಿತ್ರಿ ವಿಸ್ಲಾವಾ ಶಿಂಬೋರ್ಸ್ಕಾ ಅವರೊಡನೆ ಸಂದರ್ಶನ ಎಂಬುದನ್ನು ಪ್ರಸಾರ ಮಾಡಿತು. ವಿರೋಧ ಎಷ್ಟಾಯಿತೆಂದರೆ ಒಂದು ವಾರದ ಆಸುಪಾಸಿನಲ್ಲೇ ಇಡೀ ಪ್ರಯೋಗವನ್ನು ಕೈಬಿಡಬೇಕಾಯಿತು. ಮೇಲೆ ಹೇಳಿದ ಪಾರ್ಕಿನ್ಸನ್ 2023ರಲ್ಲಿ ತೀರಿಕೊಂಡ ಮೇಲೆ, ಅವರ ಮಗನ ಒಪ್ಪಿಗೆಯಿಂದಲೇ, ಅವರ ಕೃತಕ ಧ್ವನಿ ಇಂದಿನ ಅತಿಥಿಗಳನ್ನು ಸಂದರ್ಶಿಸುವ ಪಾಡ್‌ಕಾಸ್ಟ್ ಬಂತು. ಅದು ಕೃತಕ ಎಂದು ಕೇಳುಗರಿಗೆ ಮೊದಲೇ ತಿಳಿಸಿದ್ದರಿಂದ ಮೋಸವೇನೂ ಇರಲಿಲ್ಲ. ಆದರೂ ನನಗೆ ಅದು ರುಚಿಸುವುದಿಲ್ಲ. ಕಾನೂನಿನ ಮಾತಿಗೆ ಬಂದರೆ, ಬದುಕಿರುವ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಹೀಗೆ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟ್ 2024ರಲ್ಲಿ ಮಧ್ಯಂತರ ರಕ್ಷಣೆ ಕೊಟ್ಟಿದೆ. ಆದರೆ ವ್ಯಕ್ತಿತ್ವದ ಹಕ್ಕುಗಳು ವ್ಯಕ್ತಿಯೊಂದಿಗೇ ಮುಗಿಯುತ್ತವೆ, ವಾರಸುದಾರರಿಗೆ ಬರುವುದಿಲ್ಲ ಎಂದು ನಟ ಸುಶಾಂತ್ ಸಿಂಗ್ ರಜಪೂತ್ ಅವರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ. ಹೀಗಾಗಿ ಸತ್ತವರ ಧ್ವನಿಗೆ ಕಾನೂನಿನ ಕಾವಲು ಕಡಿಮೆ, ಕಾಯಬೇಕಾದವರು ನೀವೇ. ಆ ಹುಡುಗನ ಉತ್ಸಾಹವನ್ನು ಹಳೆಯ ಧ್ವನಿಮುದ್ರಣಗಳ ಗುಜುಗುಜು ತೆಗೆದು ಸ್ವಚ್ಛಗೊಳಿಸುವ ಕೆಲಸಕ್ಕೆ ತಿರುಗಿಸಿ. ಅದೇ ತಂತ್ರಜ್ಞಾನ ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಮನುಷ್ಯರೇ ಮಾಡುವ ಅನುಕರಣೆಯ ಬಗ್ಗೆಯೂ ಎಚ್ಚರ ಬೇಕು. 1952ರ ಡಿಸೆಂಬರ್‌ನಲ್ಲಿ ರೇಡಿಯೋ ಸಿಲೋನ್‌ನಿಂದ ಬಿನಾಕಾ ಗೀತ್‌ಮಾಲಾ ಎಂಬ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಆರಂಭಿಸಿದ ಅಮೀನ್ ಸಯಾನಿಯವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು. 'ಬೆಹನೋ ಔರ್ ಭಾಯಿಯೋ' ಎಂಬ ಅವರ ಸಂಬೋಧನೆಯನ್ನು ದೇಶದ ಆರ್ಕೆಸ್ಟ್ರಾ ನಿರೂಪಕರಲ್ಲಿ ಅರ್ಧ ಜನ ಅನುಕರಿಸಿದರು. ಅವರಲ್ಲಿ ಯಾರೊಬ್ಬರೂ ಎರಡನೆಯ ಸಯಾನಿ ಆಗಲಿಲ್ಲ. ಮೇಷ್ಟ್ರ ಮಗಳನ್ನು ಕೂರಿಸುವ ಮಾತನ್ನೂ ಈ ದೃಷ್ಟಿಯಿಂದಲೇ ನೋಡಿ. ಅವರಿಗೆ ಮಾತಿನ ಒಲವಿದ್ದು, ಊರಿನ ಪರಿಚಯವಿದ್ದು, ತಾವೇ ಬಯಸಿದರೆ ಸರದಿಯಲ್ಲಿ ಅವರೂ ಒಬ್ಬರಾಗಲಿ. ಆದರೆ ತಂದೆಯ ದನಿಯ ನೆರಳನ್ನು ಮಗಳ ದನಿಯಲ್ಲಿ ಹುಡುಕುವ ಕೇಳುಗರ ಮುಂದೆ, ಶೋಕದಲ್ಲಿರುವ ಒಬ್ಬರನ್ನು ಪ್ರತಿ ವಾರ ಕೂರಿಸುವುದು ಗೌರವವೋ ಶಿಕ್ಷೆಯೋ, ಯೋಚಿಸಿ. ಪ್ರಸ್ತಾಪ ನಿಮ್ಮಿಂದ ಹೋದರೆ ಅವರಿಗೆ ಬೇಡವೆನ್ನಲು ಸಂಕೋಚವಾಗಬಹುದು.

ಇಷ್ಟೆಲ್ಲಕ್ಕೂ ಮುನ್ನ ಈ ವಾರವೇ ಮಾಡಬೇಕಾದ ಕೆಲಸವೊಂದಿದೆ: ಹನ್ನೆರಡು ವರ್ಷದ ಕಡತಗಳನ್ನು ಕನಿಷ್ಠ ಎರಡು ಹಾರ್ಡ್ ಡಿಸ್ಕ್‌ಗಳಿಗೆ ನಕಲು ಮಾಡಿ, ಒಂದನ್ನು ನಿಲಯದ ಹೊರಗೆ ಇಡಿ. ನಾನು ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಸ್ಪೂಲ್ ಟೇಪುಗಳ ಕಾಲದಲ್ಲಿ ನಾನು ಕೆಲಸ ಮಾಡುತ್ತಿದ್ದ ನಿಲಯವೊಂದರಲ್ಲಿ ಹಿರಿಯ ಉದ್ಘೋಷಕರೊಬ್ಬರು ತೀರಿಕೊಂಡರು. ಶ್ರದ್ಧಾಂಜಲಿ ಕಾರ್ಯಕ್ರಮಕ್ಕೆಂದು ಅವರ ಧ್ವನಿಗಾಗಿ ಕಪಾಟು ತೆಗೆದರೆ, ಅವರದೇ ಕೈಬರಹದಲ್ಲಿ ದಿನಾಂಕ ಬರೆದ ರಟ್ಟಿನ ಪೆಟ್ಟಿಗೆಗಳು ಸಾಲಾಗಿ ಇದ್ದವು. ಟೇಪು ಹಾಕಿದರೆ ಒಂದರಲ್ಲಿ ಸುಗಮ ಸಂಗೀತ, ಇನ್ನೊಂದರಲ್ಲಿ ಯಾರದೋ ಭಾಷಣ. ಟೇಪಿನ ಅಭಾವದಿಂದ ಅಳಿಸಿ ಬಳಸಿದ್ದರು. ಕೊನೆಗೆ ಸಿಕ್ಕದ್ದು, ಒಂದು ಭಾಷಣದ ಮುಂಚೆ ಅಳಿಯದೆ ಉಳಿದಿದ್ದ ಅವರ ಕೆಮ್ಮು ಮತ್ತು 'ಈಗ' ಎಂಬ ಒಂದು ಪದ.

ನಕಲು ಮಾಡುವಾಗ ಪ್ರತಿ ಕಡತಕ್ಕೂ ದಿನಾಂಕ, ಕರೆ ಮಾಡಿದವರ ಊರು, ವಿಷಯ, ಮತ್ತು ಕೊನೆಯ ಮಾತು ಯಾವುದರ ಬಗ್ಗೆ ಎಂದು ಒಂದು ಸಾಲು ಬರೆದಿಡಿ. ಅಂತರ್ಜಾಲಕ್ಕೆ ಏರಿಸುವುದಾದರೆ ನಡುವೆ ಬಂದ ಚಿತ್ರಗೀತೆಗಳನ್ನು ತೆಗೆಯಬೇಕು. ಅವುಗಳ ಹಕ್ಕು ನಿಮ್ಮದಲ್ಲ. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಅದನ್ನು ತಯಾರಿಸಿದ ನಿಲಯದ್ದು. ಆದರೆ ಮೇಷ್ಟ್ರು ಬರೆದುಕೊಂಡು ಓದಿದ ಬರಹಗಳ ಹಕ್ಕು ಅವರ ನಂತರ ಕುಟುಂಬಕ್ಕೆ ಸೇರುತ್ತದೆ. ಸ್ವಯಂಸೇವಕರೊಂದಿಗೆ ಕರಾರು ಮಾಡಿಕೊಳ್ಳುವ ಪದ್ಧತಿ ಸಮುದಾಯ ರೇಡಿಯೋಗಳಲ್ಲಿ ಕಡಿಮೆ. ಆದ್ದರಿಂದ ಕುಟುಂಬದವರಿಂದ ಒಂದು ಒಪ್ಪಿಗೆ ಪತ್ರ ಪಡೆಯಿರಿ, ಅವರಿಗೂ ಒಂದು ಪ್ರತಿ ಕೊಡಿ.

ವೇಳಾಪಟ್ಟಿ ಹೀಗಿರಲಿ. ಬರುವ ಶನಿವಾರ ಇಡೀ ಗಂಟೆಯನ್ನು ಕೇಳುಗರಿಗೆ ಬಿಟ್ಟುಕೊಡಿ; ಅವರು ಮೇಷ್ಟ್ರ ಬಗ್ಗೆ ಮಾತನಾಡಲಿ, ನಿಮ್ಮವರು ಫೋನ್ ಎತ್ತಿಕೊಂಡು ಸುಮ್ಮನೆ ಕೇಳಿಸಿಕೊಳ್ಳಲಿ. ಮುಂದಿನ ನಾಲ್ಕು ವಾರ ಆಯ್ದ ಹತ್ತು ನಿಮಿಷದ ಮಾತುಗಳು, ಉಳಿದ ಸಮಯಕ್ಕೆ ಹಾಡು. ಆಮೇಲೆ ಮೂರು ತಿಂಗಳು ಸರದಿ: ಪಶುವೈದ್ಯರು, ಗ್ರಂಥಪಾಲಕಿ, ಹಾಲಿನ ಡೇರಿಯ ಕಾರ್ಯದರ್ಶಿ, ಯಾರು ಫೋನಿನಲ್ಲಿ ಎದುರಿನವರ ಮಾತನ್ನು ಅರ್ಧಕ್ಕೆ ಕತ್ತರಿಸುವುದಿಲ್ಲವೋ ಅವರು. ಕಾರ್ಯಕ್ರಮದ ಹೆಸರಿನಲ್ಲಿ ಮೇಷ್ಟ್ರ ಹೆಸರು ಇದ್ದರೆ ಈ ಹಂತದಲ್ಲಿ ಬದಲಿಸಿ. ಇಲ್ಲದಿದ್ದರೆ ಹಾಗೇ ಇರಲಿ. ದಿನ ಮತ್ತು ವೇಳೆಯನ್ನು ಮಾತ್ರ ಯಾವ ಕಾರಣಕ್ಕೂ ಬದಲಿಸಬೇಡಿ. ಶನಿವಾರ ಸಂಜೆ ಹಾಲು ಕರೆದು ಬಂದು ರೇಡಿಯೋ ಹಾಕುವ ರೂಢಿಯನ್ನು ಹನ್ನೆರಡು ವರ್ಷ ಕೂತು ಕಟ್ಟಿದವರು ಅವರು.

ಶೀರ್ಷಿಕೆ ಸಂಗೀತದ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳುವಿರಿ. ಸರದಿ ಮುಗಿಯುವವರೆಗೂ ಹಳೆಯದೇ ಇರಲಿ. ಹೊಸ ನಿರೂಪಕರು ಗೊತ್ತಾದ ಮೇಲೆ ಅವರನ್ನೇ ಕೇಳಿ. ಅದು ಮುಗಿಯುತ್ತಿದ್ದಂತೆ ಮೇಷ್ಟ್ರ ನಮಸ್ಕಾರ ಕೇಳಿಸಿದಂತಾಗುತ್ತದೆ ಎಂದು ಅವರು ಹೇಳಿದರೆ, ಮರುವಾರವೇ ಬದಲಿಸಿ.